ಎದುರಾಳಿ ‘ಒನ್ ನೋಟ್ರಂಪ್’ ಅಂದಾಗ ಸುಮ್ನೆ ಪಾಸ್ ಅನ್ನಬೇಡಿ

ಬ್ರಿಡ್ಜ್ ಆಟದಲ್ಲಿ ಬಲಗಡೆ ಕೂತ ಎದುರಾಳಿ ‘ಒನ್ ನೋಟ್ರಂಪ್’ (ತುರುಪಿಲ್ಲದೆ 13 ಸುತ್ತಿನಲ್ಲಿ ಏಳು ಗೆಲ್ಲುತ್ತೇವೆ) ಅಂತ ಕರೆದರು. ಸಾಮಾನ್ಯವಾಗಿ ಅದರರ್ಥ 15ರಿಂದ 17 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1), ಸಪಾಟಾದ ಕೈ, ಅಂದರೆ ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ನಾಲ್ಕೂ ಸುಮಾರು ಸಮ. ಬ್ರಿಡ್ಜ್ ಕಲಿಯುತ್ತಿರುವ ಬಹಳ ಜನ ಇಲ್ಲೇ ಹೆದರಿ ಪಾಸ್ ಮಾಡಿಬಿಡುತ್ತಾರೆ. ಎದುರಾಳಿಗಳು ಏಳು ಟ್ರಿಕ್ (ಸುತ್ತು) ಹಿಡಿದು 90 ಅಂಕ ಬರೆದುಕೊಳ್ಳುತ್ತಾರೆ.

ಮೊದಲು ಪಾಯಿಂಟ್ ಎಣಿಸುವುದನ್ನು ಬಿಟ್ಟು ಎಲೆಗಳ ಉದ್ದ ನೋಡಿ. ಈ ಕೈ ನಿಮ್ಮದು ಅಂದುಕೊಳ್ಳಿ: ಇಸ್ಪೀಟಿನಲ್ಲಿ ಎಕ್ಕ, ಗುಲಾಮ, 10, 8, 4. ಆಟೀನಿನಲ್ಲಿ ರಾಜ, ಗುಲಾಮ, 10, 9, 3. ಡೈಮಂಡ್ 7 ಒಂದೇ. ಕಳಾವರ್ 6, 2. ಬರೀ 9 ಪಾಯಿಂಟ್. ಆದರೂ ನುಗ್ಗಬೇಕಾದ ಕೈ ಇದು. ಎರಡು ಉದ್ದದ ಸೂಟ್ ಇವೆ. ಯಾವುದು ತುರುಪಾದರೂ ಡೈಮಂಡ್‌ನಲ್ಲಿ ಒಂದೇ ಟ್ರಿಕ್ ಕಳೆದುಕೊಂಡು, ಆಮೇಲೆ ತುರುಪು ಹೊಡೆಯಬಹುದು. ಅದೇ 14 ಪಾಯಿಂಟ್ ಇದ್ದು 4-3-3-3 ಹಂಚಿಕೆ ಬಂದಿದ್ದರೆ? ಪಾಸ್ ಮಾಡಿ. ತುರುಪು ಮಾಡೋಕೆ ಸೂಟೇ ಇಲ್ವಲ್ಲ.

ಇನ್ನು ಕರೆಯುವುದು ಹೇಗೆ? ಹೊಸಬರಿಗೆ ನಾನು ಹೇಳುವುದು ಲ್ಯಾಂಡಿ. ಅಮೆರಿಕದ ಆಲ್ವಿನ್ ಲ್ಯಾಂಡಿ ಹೆಸರಿನ ಪದ್ಧತಿ ಇದು. ನೆನಪಿಡೋಕೆ ತುಂಬಾ ಸುಲಭ. ‘ಎರಡು ಕಳಾವರ್’ ಅಂದರೆ ‘ನನ್ನ ಹತ್ತಿರ ಇಸ್ಪೀಟು, ಆಟೀನು ಎರಡೂ ಇವೆ’ ಅಂತ. ಒಂದು ಐದೆಲೆ, ಇನ್ನೊಂದು ನಾಲ್ಕೆಲೆಯಾದರೂ ಇರಬೇಕು. ಜೊತೆಗಾರರು ಎರಡರಲ್ಲಿ ತಮಗೆ ಉದ್ದವಿರುವುದನ್ನು ಕರೆಯುತ್ತಾರೆ. ಎರಡೂ ಸಮ ಇದ್ದರೆ ‘ಎರಡು ಡೈಮಂಡ್’ ಅಂದು ಆಯ್ಕೆ ನಿಮಗೇ ಬಿಡಬಹುದು. ಒಂದೇ ಸೂಟ್ ಆರೆಲೆ ಉದ್ದ ಇದ್ದರೆ ಯಾವ ಪದ್ಧತಿಯೂ ಬೇಡ, ನೇರವಾಗಿ ಅದನ್ನೇ ಕರೆಯಿರಿ. ಆದರೆ ಅದು ಕಳಾವರ್ ಆಗಿದ್ದರೆ, ‘ಎರಡು ಕಳಾವರ್’ಗೆ ಬೇರೆ ಅರ್ಥ ಇರುವುದರಿಂದ ಮೂರಕ್ಕೇ ಹೋಗಬೇಕು, ಹಾಗಾಗಿ ಕೈ ಗಟ್ಟಿಯಿರಲಿ.

ಬಾಯಿ ತೆರೆಯುವ ಮುಂಚೆ ನಿಮ್ಮ ಜೋಡಿ ವಲ್ನರಬಲ್ (ಸೋತರೆ ದಂಡ ಜಾಸ್ತಿ ಬೀಳುವ ಸ್ಥಿತಿ) ಹೌದೋ ಅಲ್ವೋ ನೋಡಿ. ಅಲ್ಲದಿದ್ದರೆ ಒಂದು ಟ್ರಿಕ್ ಸೋತರೆ ಹೋಗುವುದು 50 ಮಾತ್ರ, ಅವರಿಗೆ ಸಿಗುತ್ತಿದ್ದ 90ಕ್ಕಿಂತ ಕಡಿಮೆ. ‘ಎರಡು ಇಸ್ಪೀಟು’ (ಎಂಟು ಟ್ರಿಕ್) ಕರೆದು ಗೆದ್ದರೆ ನಮಗೇ 110. ವಲ್ನರಬಲ್ ಇದ್ದು ಎರಡು ಟ್ರಿಕ್ ಸೋತರೆ ಮಾತ್ರ 200 ಹೋಗುತ್ತದೆ. ಎದುರಾಳಿ ‘ಡಬಲ್’ ಅಂದು ದಂಡ ಏರಿಸಿದ್ದರೆ 500! ಆಗ ಐದೆಲೆಯ ಬಡಕಲು ಸೂಟ್ ನಂಬಿ ಹೋಗಬೇಡಿ.

ಎಡಗಡೆಯವರು ನೋಟ್ರಂಪ್ ಕರೆದು, ಮುಂದಿನ ಇಬ್ಬರೂ ಪಾಸ್ ಮಾಡಿ ಸರದಿ ನಿಮಗೆ ಬಂತಾ? ಇನ್ನೂ ಧೈರ್ಯವಾಗಿ ಕರೆಯಿರಿ. ಲೆಕ್ಕ ನೋಡಿ. ಒಟ್ಟು 40 ಪಾಯಿಂಟ್. ಕರೆದವರದು ಹೆಚ್ಚೆಂದರೆ 17. ಅವರ ಜೊತೆಗಾರರು ಪಾಸ್ ಮಾಡಿದ್ದಾರೆ, ಅಂದರೆ 7ಕ್ಕಿಂತ ಜಾಸ್ತಿ ಇರುವುದು ಕಷ್ಟ. ನಿಮ್ಮದು 9. ಹಾಗಾದರೆ ನಿಮ್ಮ ಜೊತೆಗಾರರ ಕೈಯಲ್ಲಿ ಕನಿಷ್ಠ 7 ಇದ್ದೇ ಇರುತ್ತದೆ.

ಕೆಲವರು 12ರಿಂದ 14 ಪಾಯಿಂಟ್‌ಗೇ ನೋಟ್ರಂಪ್ ಕರೆಯುತ್ತಾರೆ. ಅವರ ಎದುರು ನಿಮಗೆ 15 ಅಥವಾ ಜಾಸ್ತಿ ಬಂದರೆ ‘ಡಬಲ್’ ಅನ್ನಿ. ಅದು ದಂಡಕ್ಕೆ ಅಂತ ಜೊತೆಗಾರರ ಹತ್ತಿರ ಆಟಕ್ಕೆ ಕೂರುವ ಮೊದಲೇ ಮಾತಾಡಿಕೊಂಡಿರಿ.