77 ಕೆಲ್ವಿನ್‌ನಲ್ಲಿ ಹೈಡ್ರೋಜನ್: ಬೆಂಗಳೂರಿನ ಪ್ರಯೋಗಾಲಯದ ನನ್ನ ಅನುಭವ

ತಣ್ಣಗಿನ ಸರಂಧ್ರ ಹರಳುಗಳಲ್ಲಿ ಹೈಡ್ರೋಜನ್ ಎಷ್ಟು ನಿಲ್ಲುತ್ತದೆ ಎಂದು ಅಳೆಯಲು ನಾನು ಆರಿಸಿಕೊಂಡದ್ದು 1999ರಲ್ಲಿ ಹಾಂಗ್‌ಕಾಂಗ್‌ನಿಂದ ವರದಿಯಾದ ಎಚ್‌ಕೆಯುಎಸ್‌ಟಿ-1 ಎಂಬ ತಾಮ್ರದ ಎಂಒಎಫ್ (ಲೋಹದ ಅಯಾನುಗಳನ್ನು ಸಾವಯವ ಅಣುಗಳು ಜೋಡಿಸಿದ ಸರಂಧ್ರ ಹರಳು). ತಾಮ್ರದ ನೈಟ್ರೇಟನ್ನೂ ಟ್ರೈಮೆಸಿಕ್ ಆಮ್ಲ ಎಂಬ ಸಾವಯವ ಆಮ್ಲವನ್ನೂ ನೀರು ಮತ್ತು ಎಥನಾಲ್‌ನ ಮಿಶ್ರಣದಲ್ಲಿ ಮುಚ್ಚಿದ ಪಾತ್ರೆಯೊಳಗೆ ಕಾಯಿಸಿದರೆ ನೀಲಿ ಹರಳುಗಳು ದೊರೆಯುತ್ತವೆ. ಅಲ್ಲಿಯವರೆಗಿನ ಕೆಲಸ ಸುಲಭ. ರಂಧ್ರಗಳನ್ನು ಪೂರ್ತಿ ಬರಿದು ಮಾಡುವುದು ಕಷ್ಟ. ತಾಮ್ರದ ಅಯಾನುಗಳಿಗೆ ನೀರಿನ ಅಣುಗಳು ಅಂಟಿಕೊಂಡಿರುತ್ತವೆ, ಹೈಡ್ರೋಜನ್ನನ್ನು ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯಬಲ್ಲ ತಾಣಗಳೂ ಅವೇ. ಆದ್ದರಿಂದ ಹರಳುಗಳನ್ನು ಮೆಥನಾಲ್‌ನಲ್ಲಿ ತೊಳೆದು, ನಿರ್ವಾತದಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡುತ್ತಿದ್ದೆ. ತಿಳಿನೀಲಿ ಪುಡಿ ಗಾಢ ನೇರಳೆ-ನೀಲಿಗೆ ತಿರುಗಿದ ಮೇಲೆಯೇ, ಗಾಳಿ ಸೋಕಿಸದೆ, ಅದನ್ನು ತೂಗುತ್ತಿದ್ದೆ.

ಅಳತೆಗೆ ಬಳಸಿದ್ದು ಸೀವರ್ಟ್ಸ್ ವಿಧಾನ: ಗಾತ್ರ ತಿಳಿದಿರುವ ಪಾತ್ರೆಯಿಂದ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಮಾದರಿಯ ಮೇಲೆ ಬಿಟ್ಟು, ಒತ್ತಡದ ಇಳಿತದಿಂದ ಹೀರಿಕೆಯನ್ನು ಲೆಕ್ಕ ಹಾಕುವುದು. ಮಾದರಿಯ ಸುತ್ತಲಿನ ಖಾಲಿ ಜಾಗವನ್ನು ಮೊದಲೇ ಹೀಲಿಯಂನಿಂದ ಅಳೆದಿರಬೇಕು. 77 ಕೆಲ್ವಿನ್‌ನಲ್ಲಿರುವ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್) ಅನಿಲ ಕೋಣೆಯ ಉಷ್ಣತೆಯ ಅನಿಲಕ್ಕಿಂತ ಸುಮಾರು ನಾಲ್ಕು ಪಟ್ಟು ಸಾಂದ್ರವಾಗಿರುವುದರಿಂದ, ಮಾದರಿಯನ್ನು ತಣ್ಣಗಿಡುವ ಫ್ಲಾಸ್ಕಿನಲ್ಲಿ ದ್ರವ ಸಾರಜನಕದ ಮಟ್ಟ ತುಸು ಇಳಿದರೂ, ಹೀರಿಕೆಯ ಲೆಕ್ಕ ತಪ್ಪಬಹುದು. ಹಾಗಾಗಿ ಮಟ್ಟವನ್ನು ಒಂದೇ ಗುರುತಿನಲ್ಲಿ ಉಳಿಸಿಕೊಳ್ಳುವುದಕ್ಕೇ ದಿನದ ಬಹುಪಾಲು ಗಮನ ಹೋಗುತ್ತಿತ್ತು. ಪಠ್ಯಗಳು ಅಷ್ಟಾಗಿ ಹೇಳದ ಇನ್ನೊಂದು ಸಂಗತಿಯಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ದ್ರವ ಸಾರಜನಕ ಕುದಿಯುವುದು 77.4ರಲ್ಲಿ ಅಲ್ಲ, ಸುಮಾರು 76.5 ಕೆಲ್ವಿನ್‌ನಲ್ಲಿ. ಕಡಿಮೆ ಒತ್ತಡದಲ್ಲಿ ಈ ಒಂದು ಡಿಗ್ರಿಯೇ ಹೀರಿಕೆಯನ್ನು ಹತ್ತರಲ್ಲೊಂದು ಪಾಲಿನಷ್ಟು ಬದಲಿಸಬಲ್ಲದು. ನಾನು ಪ್ಲಾಟಿನಂ ಉಷ್ಣಮಾಪಕವನ್ನು ಮಾದರಿಯ ಪಕ್ಕದಲ್ಲೇ ಕೂರಿಸಿ, ಅದರ ಅಳತೆಯನ್ನೇ ಬರೆದಿಡುತ್ತಿದ್ದೆ.

77 ಕೆಲ್ವಿನ್‌ನಲ್ಲಿ ಒಂದು ಗ್ರಾಂ ವಸ್ತುವಿನಲ್ಲಿರುವ ಪ್ರತಿ 500 ಚದರ ಮೀಟರ್ ಮೇಲ್ಮೈಗೆ ತೂಕದ ಸುಮಾರು ಶೇಕಡಾ 1ರಷ್ಟು ಹೈಡ್ರೋಜನ್ ಎಂಬ ಶಹೀನ್ ನಿಯಮವನ್ನು ನಾನು ಅಂದಾಜಿಗೆ ಮಾತ್ರ ಬಳಸುತ್ತೇನೆ. ಹೈಡ್ರೋಜನ್ ತುಂಬಿಡುವ ತೊಟ್ಟಿ ಕಟ್ಟುವವರಿಗೆ ಬೇಕಾದದ್ದು ತೂಕದ್ದಲ್ಲ, ಒಂದು ಲೀಟರ್ ಜಾಗದಲ್ಲಿ ಎಷ್ಟು ಎಂಬ ಲೆಕ್ಕ. ಸಡಿಲವಾದ ಪುಡಿ ಜಾಗ ತಿನ್ನುತ್ತದೆ, ಬಿಲ್ಲೆಯಾಗಿ ಅದುಮಿದರೆ ಹರಳಿನ ರಂಧ್ರಗಳು ಕುಸಿಯತೊಡಗುತ್ತವೆ. ಇದಕ್ಕಿಂತ ದೊಡ್ಡ ತೊಡಕು ಶಾಖದ್ದು. ಹೈಡ್ರೋಜನ್ ರಂಧ್ರದ ಗೋಡೆಗೆ ಅಂಟುವಾಗ ಮೋಲ್‌ಗೆ ಸುಮಾರು 6 ಕಿಲೋಜೂಲ್, ಅಂದರೆ ಕಿಲೋಗ್ರಾಂಗೆ 3 ಮೆಗಾಜೂಲ್, ಶಾಖ ಬಿಡುಗಡೆಯಾಗುತ್ತದೆ. ಕೆಲವೇ ಗ್ರಾಂ ಮಾದರಿಯಲ್ಲಿ ಇದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆದರೆ ಒಂದು ಕಿಲೋಗ್ರಾಂ ಹೈಡ್ರೋಜನ್ ತುಂಬುವ ತೊಟ್ಟಿಯಲ್ಲಿ ಈ ಶಾಖವೊಂದನ್ನು ತೆಗೆಯುವುದಕ್ಕೇ ಸುಮಾರು 15 ಕಿಲೋಗ್ರಾಂ ದ್ರವ ಸಾರಜನಕ ಆವಿಯಾಗಬೇಕಾಗುತ್ತದೆ. ಒಳಬರುವ ಅನಿಲವನ್ನು ತಂಪು ಮಾಡುವ ಖರ್ಚು ಬೇರೆ.