ಒಂದು ದಿನದ ಮರಿಯ ರೆಕ್ಕೆ ನೋಡಿ ಹೇಂಟೆ ಆರಿಸಿದ ನನ್ನ ಅನುಭವ

ಕಳೆದ ಮೂರು ಕಾವುಗಳಲ್ಲಿ ಸುಮಾರು 340 ಮರಿಗಳನ್ನು ಹುಟ್ಟಿದ ದಿನವೇ ಹುಂಜ, ಹೇಂಟೆ ಎಂದು ಬೇರ್ಪಡಿಸಿದೆ. ಬೆಳೆದ ಮೇಲೆ ಎಣಿಸಿದರೆ ತಪ್ಪಿದ್ದು ಹದಿನೈದೋ ಹದಿನಾರೋ. "ಅದೆಲ್ಲ ದೊಡ್ಡ ಹ್ಯಾಚರಿಗಳ ತಳಿಗೆ ಮಾತ್ರ, ನಿಮ್ಮ ಬೆರಕೆ ಕೋಳಿಗೆ ನಡೆಯುವುದಿಲ್ಲ" ಎಂದಿದ್ದವರೇ ಈಗ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಆ ಮರಿಗಳನ್ನು ನಾನು ನೋಡಿ ಹೇಳುವುದಿಲ್ಲ. ಗುಟ್ಟು ಮರಿಯಲ್ಲಿಲ್ಲ, ಅದರ ತಂದೆ ತಾಯಿಯಲ್ಲಿದೆ.

ಇದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಮೊದಲ ಸಲ 80 ಮರಿಗಳ ರೆಕ್ಕೆ ಬಿಡಿಸಿ ನೋಡಿದಾಗ ಎಪ್ಪತ್ತಕ್ಕೂ ಹೆಚ್ಚು ಹೇಂಟೆಯಂತೆಯೇ ಕಂಡವು. ಸಂತೋಷದಿಂದ ಎಲ್ಲವನ್ನೂ ಸಾಕಿದೆ. ಎಂಟು ವಾರಕ್ಕೆ ಜುಟ್ಟು ಕೆಂಪೇರಿ ನೋಡಿದರೆ ಅರ್ಧಕ್ಕರ್ಧ ಹುಂಜ! ಅವು ತಿಂದ ಆಹಾರವೇ ಒಂದೂವರೆ ಮೂಟೆಗೆ ಕಡಿಮೆಯಿಲ್ಲ. ಮೊಟ್ಟೆಯ ಲೆಕ್ಕ ಹಾಕಿ ಸಾಲ ಮಾಡಿ ಕಟ್ಟಿಸಿದ್ದ ಗೂಡು ಅರ್ಧ ಖಾಲಿ ಉಳಿಯಿತು.

ಆಮೇಲೆ ಗುದ ಬಿಡಿಸಿ ನೋಡುವ ಜಪಾನಿನ ವಿಧಾನಕ್ಕೆ ಕೈ ಹಾಕಿದೆ. ಹುಂಜದ ಗುರುತೆನ್ನುವ ಒಳಗಿನ ಗುಬುಟು ಸಾಸಿವೆಗಿಂತ ಚಿಕ್ಕದು, ಕೆಲವು ಹೇಂಟೆಮರಿಗಳಲ್ಲೂ ಇರುತ್ತದೆ. ನನ್ನ ಬೆರಳಿನ ಒತ್ತಡಕ್ಕೆ ಹೊಟ್ಟೆಯ ಹಳದಿ ಚೀಲ ಒಡೆದು ನಾಲ್ಕು ಮರಿ ಸತ್ತವು. ಅಂದೇ ಬಿಟ್ಟೆ.

ದಾರಿ ತೋರಿಸಿದ್ದು ಕಾಲಿಗೆ ಕಟ್ಟಿದ ಬಣ್ಣದ ದಾರ. ನೂರಕ್ಕೂ ಹೆಚ್ಚು ಮರಿಗಳಲ್ಲಿ, ಹುಟ್ಟಿದ ದಿನ ರೆಕ್ಕೆಯ ಗರಿ ಗಿಡ್ಡವಿದ್ದವಕ್ಕೆ (ಅಂದರೆ ಗರಿ ತಡವಾಗಿ ಬಿಡುವವಕ್ಕೆ) ಕೆಂಪು, ಉದ್ದವಿದ್ದವಕ್ಕೆ ನೀಲಿ ಕಟ್ಟಿದೆ. ವಾರಕ್ಕೊಮ್ಮೆ ಬಿಚ್ಚಿ ಸಡಿಲವಾಗಿ ಕಟ್ಟಬೇಕು, ಇಲ್ಲದಿದ್ದರೆ ದಾರ ಮಾಂಸಕ್ಕೆ ಇಳಿಯುತ್ತದೆ. ಮೂರು ತಿಂಗಳಾದ ಮೇಲೆ ನೀಲಿ ದಾರದ ಒಂದು ಹುಂಜವನ್ನೂ ಕೆಂಪು ದಾರದ ಒಂಬತ್ತು ಹೇಂಟೆಗಳನ್ನೂ ಬೇರೆ ಕೋಳಿಗಳಿಂದ ಪ್ರತ್ಯೇಕಿಸಿ ಒಟ್ಟಿಗೆ ಇಟ್ಟೆ. ಗರಿ ತಡವಾಗಿ ಬಿಡುವ ಪ್ಲೈಮೌತ್ ರಾಕ್ ತಳಿಯ ರಕ್ತ ಬೆರೆತಿದ್ದರಿಂದಲೇ ಅಷ್ಟಾದರೂ ಕೆಂಪು ಸಿಕ್ಕಿರಬೇಕು. ಗರಿ ತಡವಾಗಿ ಬಿಡುವ ಗುಣವನ್ನು ತಾಯಿ ಗಂಡುಮರಿಗೆ ಮಾತ್ರ ದಾಟಿಸುತ್ತದೆ, ಹೆಣ್ಣುಮರಿಗೆ ತಂದೆಯ ಗುಣವೇ ಬರುತ್ತದೆ. ಹಾಗಾಗಿ ಈ ಜೋಡಿಯ ಮರಿಗಳಲ್ಲಿ ಗಂಡಿಗೆ ಗಿಡ್ಡ ಗರಿ, ಹೆಣ್ಣಿಗೆ ಉದ್ದ ಗರಿ. ಬೇರೆ ಹುಂಜದ ಜೊತೆಗಿದ್ದ ಹೇಂಟೆಗಳಾದರೆ ಮೊಟ್ಟೆ ಕೂಡಿಡಲು ಅವಸರ ಬೇಡ. ಹಳೆಯ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿಯುತ್ತದೆ. ನಾಲ್ಕು ವಾರ ಕಾಯುವುದು ಒಳ್ಳೆಯದು.

ಇಂಥ ಜೋಡಿಯ ಮರಿಯ ಮೈ ಒಣಗಿದ ಕೂಡಲೇ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದರೆ ಸೂಜಿಮೊನೆಯಂಥ ಗರಿಗಳ ಎರಡು ಸಾಲು ಕಾಣುತ್ತವೆ. ಕೆಳಸಾಲು ಮೇಲಿನದಕ್ಕಿಂತ ಎದ್ದು ಕಾಣುವಷ್ಟು ಉದ್ದವಿದ್ದರೆ ಹೇಂಟೆ. ಎರಡೂ ಸಮವಿದ್ದರೆ ಅಥವಾ ಮೇಲಿನದೇ ಉದ್ದವಿದ್ದರೆ ಹುಂಜ. ಮೂರನೆಯ ದಿನಕ್ಕೆ ಬಿಟ್ಟರೆ ಗೊಂದಲ. ನನ್ನ ತಪ್ಪುಗಳಲ್ಲಿ ಹೆಚ್ಚಿನವು ತಡ ಮಾಡಿದ ದಿನದವು. ನೂರು ಮರಿ ನೋಡಿದರೂ ಕಣ್ಣು ಸೋಲದಂತೆ ದೀಪವನ್ನು ಎಲ್ಲಿಡುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಬೇರೆಯವನ್ನೂ ಪರೀಕ್ಷಿಸಿದೆ. ಚೂಪು ಮೊಟ್ಟೆಯಲ್ಲಿ ಹುಂಜ ಎಂಬ ಮಾತು ನಂಬಿ ಐವತ್ತು ಚೂಪು ಮೊಟ್ಟೆಗಳನ್ನು ಬೇರೆಯಾಗಿ ಕಾವಿಗಿಟ್ಟೆ. ಹೆಚ್ಚುಕಡಿಮೆ ಸಮಸಮ ಬಂದವು. ಪಟ್ಟೆಗರಿಯ ಹೇಂಟೆಗೆ ಕಪ್ಪು ಹುಂಜ ಬಿಟ್ಟಾಗ ಗಂಡುಮರಿಗಳ ತಲೆಯ ಮೇಲೆ ಬಿಳಿ ಚುಕ್ಕೆ ಚೆನ್ನಾಗಿಯೇ ಕಂಡಿತು. ಆದರೆ ನನ್ನಲ್ಲಿ ಅಂಥ ಹೇಂಟೆಗಳಿದ್ದದ್ದು ಎರಡೇ.

ದುಬಾರಿಯಾದ ಕೊನೆಯ ಪೆಟ್ಟು ಇನ್ನೊಂದಿದೆ. ಸರಿಯಾಗಿ ಬಂದ ಆ ಮರಿಗಳನ್ನೇ ಬೆಳೆಸಿ ಮುಂದಿನ ಕಾವಿಗೆ ಜೋಡಿ ಮಾಡಿದೆ. ಹುಂಜಕ್ಕೂ ಉದ್ದ ಗರಿ, ಹೇಂಟೆಗೂ ಗಿಡ್ಡ ಗರಿ, ಎಲ್ಲವೂ ಕಲಸಿಹೋಯಿತು. ಒಂದಿಡೀ ಕಾವಿನ ಖರ್ಚು ಮಣ್ಣುಪಾಲು. ಅಂದಿನಿಂದ ತಡವಾಗಿ ಗರಿ ಬಿಡುವ ತಾಯಿಸಾಲಿಗೆಂದೇ ಬೇರೆ ಗೂಡು ಇಟ್ಟಿದ್ದೇನೆ. ಅದರಲ್ಲಿ ಈಗ ಹನ್ನೆರಡು ಹೇಂಟೆ, ಅವುಗಳಂತೆಯೇ ಗರಿ ತಡವಾದ ಎರಡು ಹುಂಜ.