ಬ್ಯಾಂಕಿನ ಬೋರ್ಡು ಬದಲಾಗುವ ಮೊದಲೇ ಒಂದು ಹಾಳೆ ಬರೆದಿಡಿ

ಗದಗ-ಬೆಟಗೇರಿಯಲ್ಲಿ ನಾನು ಹದಿನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಮೂರು ಸೀರೆ ಅಂಗಡಿ, ಐದು ಕಿರಾಣಿ, ಒಂದು ಪ್ರಿಂಟಿಂಗ್ ಪ್ರೆಸ್, ಉಳಿದವು ಸಣ್ಣಪುಟ್ಟ ವ್ಯಾಪಾರ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಇಷ್ಟರಲ್ಲಿ ನನ್ನ ಖತಾವಣಿಯಿಂದ ಎಷ್ಟೋ ಬ್ಯಾಂಕಿನ ಹೆಸರುಗಳು ಅಳಿಸಿಹೋದವು. 2015ರಲ್ಲಿ ಐಎನ್‌ಜಿ ವೈಶ್ಯ ಹೋಗಿ ಕೋಟಕ್ ಬಂತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಪಾಲಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋದವು. ಕೊನೆಗೆ 2025ರ ಮೇ 1ರಂದು ನಮ್ಮ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ದಿನ ನನಗೆ ನಿಜಕ್ಕೂ ಬೇಜಾರಾಯಿತು.

ಇಲ್ಲಿಗೆ ನಿಂತಿತು ಅಂದುಕೊಳ್ಳಬೇಡಿ. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು ಈಗ 12. ದೇಶಕ್ಕೆ ಇನ್ನೂ ದೊಡ್ಡ ಬ್ಯಾಂಕುಗಳು ಬೇಕು ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2025ರ ನವೆಂಬರಿನಲ್ಲಿ ಹೇಳಿದ್ದಾರೆ. ಇನ್ನೊಂದು ಕಡೆಯಿಂದ ಹೊರದೇಶದ ಬ್ಯಾಂಕುಗಳೂ ಬರುತ್ತಿವೆ. ಇದೆಲ್ಲ ತೀರ್ಮಾನ ಆಗುವುದು ದೆಹಲಿ, ಮುಂಬೈಗಳಲ್ಲಿ. ಆದರೆ ಅದರ ಓಡಾಟ ಬೀಳುವುದು ನಮ್ಮ ತಲೆ ಮೇಲೆ. ಹಾಗಾಗಿ ನಾನು ನನ್ನ ಅಂಗಡಿಯವರಿಗೆ ಮಾಡಿಸಿಕೊಟ್ಟಿರುವ ತಯಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಒಂದು ಹಾಳೆ. ನಿಮ್ಮ ಖಾತೆ ನಂಬರು ಯಾರ್ಯಾರ ಬಳಿ ಇದೆ ಅಂತ ಅದರಲ್ಲಿ ಬರೆಯಿರಿ. ಸುಮ್ನೆ ಮನಸ್ಸಿನಲ್ಲಿ ಲೆಕ್ಕ ಹಾಕಿದರೆ ಐದಾರು ನೆನಪಾಗುತ್ತವೆ. ಬರೆಯಲು ಕೂತರೆ ಇಪ್ಪತ್ತು ದಾಟುತ್ತವೆ. ಗ್ಯಾಸ್ ಸಬ್ಸಿಡಿ, ಗೃಹಲಕ್ಷ್ಮಿ, ಪಿಎಂ ಕಿಸಾನ್, ಪಿಎಫ್, ಎಲ್‌ಐಸಿ, ಆದಾಯ ತೆರಿಗೆ ರೀಫಂಡ್, ಜಿಎಸ್‌ಟಿ ಪೋರ್ಟಲ್, ಸಾಲದ ಕಂತು, ವರ್ಷಕ್ಕೊಮ್ಮೆ 436 ಮತ್ತು 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ವಿಮೆಗಳು, ಮಾಲು ಕಳಿಸುವ ವ್ಯಾಪಾರಿಗಳು, ಮಾಲು ಕೊಳ್ಳುವ ಗಿರಾಕಿಗಳು. ವಿಮೆಯ ಕಂತು ಕಡಿತ ಆಗದಿದ್ದರೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಅದಕ್ಕೇ ಆ ಸಾಲಿನ ಕೆಳಗೆ ಗೆರೆ ಎಳೆಯಿರಿ.

ಈ ಹಾಳೆಯ ಬೆಲೆ ನನಗೆ ಗೊತ್ತಾದದ್ದು ಒಂದು ಸೀರೆ ಅಂಗಡಿಯಲ್ಲಿ. ಅವರ ಬ್ಯಾಂಕ್ ವಿಲೀನವಾಗಿ ವರ್ಷ ಕಳೆದಿತ್ತು. ಬಿಲ್ ಬುಕ್ಕಿನಲ್ಲಿ ಮಾತ್ರ ಹಳೆಯ ಐಎಫ್‌ಎಸ್‌ಸಿ ಕೋಡೇ, ಅಂದರೆ ರೊಕ್ಕ ಯಾವ ಬ್ಯಾಂಕಿನ ಯಾವ ಶಾಖೆಗೆ ಹೋಗಬೇಕು ಎಂದು ಹೇಳುವ ಕೋಡೇ, ಅಚ್ಚಾಗಿತ್ತು. ರಾಣೆಬೆನ್ನೂರಿನ ಗಿರಾಕಿ ಒಬ್ಬರು ಆ ಕೋಡಿಗೆ 1,80,000 ರೂಪಾಯಿ ಹಾಕಿದರು. ರೊಕ್ಕ ಅಂಗಡಿಗೆ ಸೇರಲಿಲ್ಲ, ತಮ್ಮ ಖಾತೆಗೆ ವಾಪಸ್ ಬಂದದ್ದನ್ನು ಆ ಗಿರಾಕಿ ನೋಡಲಿಲ್ಲ. ಅದೇ ವಾರ ನೇಕಾರರಿಗೆ ಕೊಡಬೇಕಿತ್ತು. "ಅಕ್ಕಾರ, ಅವ್ರು ಹಾಕೇನಿ ಅಂತಾರ, ನಮಗ ಬಂದಿಲ್ಲ, ಯಾರ್ ಸುಳ್ಳ ಹೇಳಾಕತ್ತಾರ?" ಎಂದು ಅಂಗಡಿಯ ಯಜಮಾನರು ಕೇಳಿದಾಗ ನನ್ನ ಹೊಟ್ಟೆ ಉರಿಯಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಪ್ಪತ್ತು ವರ್ಷದ ವಿಶ್ವಾಸ ಒಂದು ಕೋಡಿನಿಂದಾಗಿ ಎರಡು ವಾರ ಅಲ್ಲಾಡಿತು.

ಇದಕ್ಕೆ ಕಾರಣ ಇದೆ. ವಿಲೀನದ ದಿನ ಬೇರೆ, ಕೋಡು ಬದಲಾಗುವ ದಿನ ಬೇರೆ. ಸಿಂಡಿಕೇಟ್ ಕೆನರಾಕ್ಕೆ ಸೇರಿದ್ದು 2020ರ ಏಪ್ರಿಲ್‌ನಲ್ಲಿ. ಎಸ್‌ವೈಎನ್‌ಬಿ ಎಂದು ಶುರುವಾಗುವ ಹಳೆಯ ಕೋಡುಗಳು ನಿಂತದ್ದು 2021ರ ಜುಲೈ 1ರಿಂದ. ನಡುವೆ ಹದಿನೈದು ತಿಂಗಳು ಎಲ್ಲ ಮೊದಲಿನ ಹಾಗೇ ನಡೆಯಿತು. ಏನೂ ಆಗಲಿಲ್ಲವಲ್ಲ ಅಂತ ಜನ ಮರೆತುಬಿಡುವುದು ಇಂಥ ಹೊತ್ತಿನಲ್ಲೇ. ಹಾಗಾಗಿ ಶಾಖೆಗೆ ಹೋದಾಗ ಮೂರು ತಾರೀಖು ಕೇಳಿ: ಹಳೆಯ ಕೋಡು ಯಾವತ್ತು ನಿಲ್ಲುತ್ತದೆ, ಹಳೆಯ ಚೆಕ್ಕು ಯಾವತ್ತಿನವರೆಗೆ ನಡೆಯುತ್ತದೆ, ಹಳೆಯ ಆ್ಯಪ್ ಯಾವಾಗ ಬಂದ್ ಆಗುತ್ತದೆ. ಖಾತೆ ನಂಬರು ಅದೇ ಉಳಿಯುತ್ತದೆಯೇ ಅಂತಲೂ ಕೇಳಿ. ಕೆಲವು ವಿಲೀನಗಳಲ್ಲಿ ಉಳಿಯುತ್ತದೆ, ಕೆಲವುಗಳಲ್ಲಿ ಬದಲಾಗುತ್ತದೆ. ತಾರೀಖುಗಳನ್ನು ಅದೇ ಹಾಳೆಯ ಮೇಲ್ಭಾಗದಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ಹಳೆಯ ಬಿಲ್ ಬುಕ್ ಉಳಿದಿದ್ದರೆ ಎಸೆಯಬೇಡಿ, ಹೊಸ ಕೋಡಿನ ರಬ್ಬರ್ ಸ್ಟಾಂಪ್ ಮಾಡಿಸಿ ಹೊಡೆದರೆ ಸಾಕು.

ಚೆಕ್ಕಿನ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ನೀವು ಕೊಟ್ಟ ಮುಂದಿನ ತಾರೀಖಿನ ಚೆಕ್ಕುಗಳನ್ನು ವಾಪಸ್ ತಂದು ಹೊಸವು ಕೊಡಿ. ನಿಮಗೆ ಬಂದ ಚೆಕ್ಕು ವಿಲೀನವಾದ ಬ್ಯಾಂಕಿನದ್ದಾಗಿದ್ದರೆ ಅದು ಇನ್ನೂ ನಡೆಯುತ್ತದೆಯೇ ಅಂತ ತೆಗೆದುಕೊಳ್ಳುವಾಗಲೇ ನೋಡಿ. ಅವಧಿ ಮುಗಿದ ಹಳೆಯ ಬ್ಯಾಂಕಿನ ಚೆಕ್ಕು ವಾಪಸಾದರೆ ಚೆಕ್ ಬೌನ್ಸಿನ 138ನೇ ಕಲಂ ಅನ್ವಯಿಸುವುದಿಲ್ಲ ಎಂದು ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಹೇಳಿದೆ. ಉದ್ರಿ ವ್ಯಾಪಾರ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ನಮ್ಮ ಸೋದರಮಾವನಿಗೆ ಇದನ್ನು ಹೇಳಿದ ದಿನವೇ ಅವರು ಕಪಾಟಿನ ಚೆಕ್ಕುಗಳನ್ನೆಲ್ಲ ಹರಡಿಕೊಂಡು ಕೂತರು.

ಇನ್ನು ಠೇವಣಿ. ಇದನ್ನು ಯಾರೂ ಕೌಂಟರಿನಲ್ಲಿ ಬಿಡಿಸಿ ಹೇಳುವುದಿಲ್ಲ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ 5 ಲಕ್ಷ ರೂಪಾಯಿ, ಅಸಲು ಬಡ್ಡಿ ಎರಡೂ ಸೇರಿ. 2020ರ ಫೆಬ್ರುವರಿಗೆ ಮೊದಲು 1 ಲಕ್ಷ ಇತ್ತು. ಈ ಲೆಕ್ಕ ಶಾಖೆಗೆ ಒಂದಲ್ಲ, ಬ್ಯಾಂಕಿಗೆ ಒಂದು. ನನ್ನ ಪರಿಚಯದ ನಿವೃತ್ತ ಮಾಸ್ತರರು ಜಾಣತನದಿಂದ ಎರಡು ಬ್ಯಾಂಕುಗಳಲ್ಲಿ ತಲಾ 4 ಲಕ್ಷ ಇಟ್ಟಿದ್ದರು. ಆ ಎರಡೂ ಬ್ಯಾಂಕು ಒಂದಾದವು. ಈಗ ಒಂದೇ ಬ್ಯಾಂಕಿನಲ್ಲಿ 8 ಲಕ್ಷ, ವಿಮೆ 5 ಲಕ್ಷಕ್ಕೆ ಮಾತ್ರ. ಸರ್ಕಾರಿ ಬ್ಯಾಂಕ್ ಮುಳುಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ದುಡಿದ ರೊಕ್ಕವನ್ನು ಹಂಚಿ ಇಟ್ಟಿದ್ದೇ ಆ ಲೆಕ್ಕಕ್ಕೆ, ಅಲ್ವಾ? ಅವಧಿ ಮುಗಿದಾಗ ಒಂದು ಠೇವಣಿಯನ್ನು ಬೇರೆ ಬ್ಯಾಂಕಿಗೆ ಒಯ್ಯಿರಿ, ಇಲ್ಲವೇ ಗಂಡ ಹೆಂಡತಿ ಜಂಟಿಯಾಗಿ ಇಡಿ. ಒಬ್ಬರ ಹೆಸರಿನ ಠೇವಣಿಗೂ ಜಂಟಿ ಠೇವಣಿಗೂ ವಿಮೆ ಬೇರೆ ಬೇರೆ.

ಅದೇ ಮಾಸ್ತರರಿಗೆ ಇನ್ನೊಂದು ತೊಂದರೆಯೂ ಬರಬಹುದಿತ್ತು. ಬಡ್ಡಿಯ ಮೇಲಿನ ಟಿಡಿಎಸ್, ಅಂದರೆ ಬ್ಯಾಂಕೇ ಮೊದಲು ಕಡಿದುಕೊಳ್ಳುವ ತೆರಿಗೆ, ಕೂಡ ಬ್ಯಾಂಕುವಾರು ಲೆಕ್ಕ. 2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರಿಗೆ ವರ್ಷಕ್ಕೆ 1 ಲಕ್ಷ, ಉಳಿದವರಿಗೆ 50,000 ರೂಪಾಯಿ ಬಡ್ಡಿಯವರೆಗೆ ಕಡಿತವಿಲ್ಲ. ಎರಡು ಬ್ಯಾಂಕಿನ ಬಡ್ಡಿ ಒಂದಾದಾಗ ಈ ಗೆರೆ ದಾಟಿಬಿಡಬಹುದು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ಏಪ್ರಿಲ್‌ನಲ್ಲೇ ತೆರಿಗೆ ಕಡಿಯಬೇಡಿ ಎಂಬ ಘೋಷಣೆಯ ಫಾರ್ಮನ್ನು ಬ್ಯಾಂಕಿಗೆ ಕೊಟ್ಟುಬಿಡಿ.

ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಸಹಕಾರ ನಮ್ಮ ಮಣ್ಣಿನ ಹೆಮ್ಮೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆದರೆ ಈ ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳಿಗೆ ಇದೆ, ಪತ್ತಿನ ಸಹಕಾರಿ ಸಂಘಗಳಿಗೆ ಇಲ್ಲ. ಬ್ಯಾಂಕ್ ದೂರವಾಯಿತು ಅಂತ ಇದ್ದಬದ್ದ ರೊಕ್ಕವನ್ನೆಲ್ಲ ಸೊಸೈಟಿಗೆ ಹಾಕುವ ಮೊದಲು ಈ ಫರಕು ನೆನಪಿರಲಿ.

ಹೊರದೇಶದ ಬ್ಯಾಂಕುಗಳ ಸಂಗತಿಗೆ ಬರುತ್ತೇನೆ. 2020ರ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕ್ ಸಿಂಗಪುರದ ಡಿಬಿಎಸ್‌ನ ಭಾರತದ ಬ್ಯಾಂಕಿಗೆ ಸೇರಿತು. 2025ರಲ್ಲಿ ಜಪಾನಿನ ಸುಮಿಟೊಮೊ ಮಿತ್ಸುಯಿ ಬ್ಯಾಂಕ್ ಯೆಸ್ ಬ್ಯಾಂಕಿನ ಅತಿ ದೊಡ್ಡ ಪಾಲುದಾರ ಆಯಿತು. ಅದೇ ಅಕ್ಟೋಬರಿನಲ್ಲಿ ದುಬೈನ ಎಮಿರೇಟ್ಸ್ ಎನ್‌ಬಿಡಿ, ಆರ್‌ಬಿಎಲ್ ಬ್ಯಾಂಕಿನ ಶೇ. 60ರಷ್ಟು ಪಾಲು ಕೊಳ್ಳುವುದಾಗಿ ಹೇಳಿತು. ಆರ್‌ಬಿಎಲ್ ಅಂದರೆ 1943ರಲ್ಲಿ ಪಕ್ಕದ ಕೊಲ್ಲಾಪುರದಲ್ಲಿ ಹುಟ್ಟಿದ ರತ್ನಾಕರ ಬ್ಯಾಂಕ್. ಹೋದವರೂ ಇದ್ದಾರೆ. ಸಿಟಿಬ್ಯಾಂಕ್ ಜನಸಾಮಾನ್ಯರ ವ್ಯವಹಾರವನ್ನು 2023ರ ಮಾರ್ಚಿನಲ್ಲಿ ಆಕ್ಸಿಸ್‌ಗೆ ಬಿಟ್ಟುಕೊಟ್ಟಿತು. ನಿಯಮದ ಪ್ರಕಾರ ಖಾಸಗಿ ಬ್ಯಾಂಕಿನಲ್ಲಿ ವಿದೇಶಿ ಬಂಡವಾಳ ಶೇ. 74ರವರೆಗೆ ಇರಬಹುದು, ಸರ್ಕಾರಿ ಬ್ಯಾಂಕಿನಲ್ಲಿ ಶೇ. 20ರವರೆಗೆ ಮಾತ್ರ.

ಮಾಲೀಕರು ಹೊರಗಿನವರಾದರೆ ನಮ್ಮ ಠೇವಣಿ ಹೋಯಿತೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಭಾರತದಲ್ಲಿರುವ ವಿದೇಶಿ ಬ್ಯಾಂಕಿನ ಶಾಖೆಗೂ ಅದೇ ರಿಸರ್ವ್ ಬ್ಯಾಂಕ್, ಅದೇ 5 ಲಕ್ಷದ ವಿಮೆ. ಲಕ್ಷ್ಮೀ ವಿಲಾಸದ ಠೇವಣಿದಾರರ ರೊಕ್ಕ ಉಳಿಯಿತು. ಷೇರು ಇಟ್ಟುಕೊಂಡವರಿಗೆ ಮಾತ್ರ ಏನೂ ಸಿಗಲಿಲ್ಲ. ಸಿಂಡಿಕೇಟ್ ಷೇರುದಾರರಿಗಾದರೂ 1000 ಷೇರಿಗೆ ಕೆನರಾದ 158 ಬಂದವು. ಕಷ್ಟದಲ್ಲಿರುವ ಬ್ಯಾಂಕಿನ ಷೇರನ್ನು, ಯಾರೋ ಬಂದು ಕೊಳ್ಳುತ್ತಾರೆ ಎಂಬ ಆಸೆಯಿಂದ ಕೊಳ್ಳಬೇಡಿ.

ಈ ಪೈಪೋಟಿ ನಮ್ಮ ಊರಿಗೆ ಬರುವುದು ಹೊಸ ಶಾಖೆಯ ರೂಪದಲ್ಲಿ ಅಲ್ಲ, ಸಾಲ ಕೊಡುತ್ತೇವೆ ಎಂಬ ಫೋನಿನ ರೂಪದಲ್ಲಿ ಅಂತ ನನ್ನ ಅಂದಾಜು. ಜಿಎಸ್‌ಟಿ ರಿಟರ್ನ್ ಸರಿಯಾಗಿರುವ ಅಂಗಡಿಗಳನ್ನು ಎಲ್ಲರೂ ಹುಡುಕಿಕೊಂಡು ಬರುತ್ತಾರೆ. ಬೆಳೆ ಸಾಲದ ರೈತರನ್ನು ಅಷ್ಟು ಪ್ರೀತಿಯಿಂದ ಹುಡುಕುತ್ತಾರೆ ಎಂಬ ನಂಬಿಕೆ ನನಗಿಲ್ಲ. ಅದಕ್ಕೇ ಗ್ರಾಮೀಣ ಬ್ಯಾಂಕಿನ ಹಳ್ಳಿ ಶಾಖೆ ಮುಚ್ಚದಂತೆ ಊರವರು ನೋಡಿಕೊಳ್ಳಬೇಕು. ಶಾಖೆ ಎತ್ತುವ ಸುದ್ದಿ ಬಂದರೆ ಪಂಚಾಯಿತಿಯ ಠರಾವಿನ ಜೊತೆ, ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರರನ್ನು ಕಾಣಿರಿ.

ಸಾಲದ ಫೋನು ಬಂದರೆ ಬೈದು ಇಡಬೇಡಿ, ಉಪಯೋಗಿಸಿಕೊಳ್ಳಿ. 25 ಲಕ್ಷದ ಸಾಲಕ್ಕೆ ಬಡ್ಡಿ ಶೇ. 1 ಕಡಿಮೆಯಾದರೆ ವರ್ಷಕ್ಕೆ ಸುಮಾರು 25,000 ರೂಪಾಯಿ ಉಳಿಯುತ್ತದೆ, ಒಬ್ಬ ಹುಡುಗನ ಎರಡು ತಿಂಗಳ ಪಗಾರ. ಬಾಯಿಮಾತಿನ ಬಡ್ಡಿ ನಂಬದೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ. ಸಣ್ಣ ಉದ್ಯಮಗಳ ಅವಧಿ ಸಾಲಕ್ಕೆ 2024ರ ಅಕ್ಟೋಬರ್‌ನಿಂದ ಅದು ಕಡ್ಡಾಯ. ನಿಮಗೆ ತಿಳಿಯುವ ಭಾಷೆಯಲ್ಲೇ ಇರಬೇಕು, ಹಾಗಾಗಿ ಕನ್ನಡದಲ್ಲಿ ಕೇಳಿ. ಪ್ರೊಸೆಸಿಂಗ್ ಫೀ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಆ ಹಾಳೆ ಹಿಡಿದು ನಿಮ್ಮ ಹಳೆಯ ಬ್ಯಾಂಕಿಗೆ ಹೋಗಿ ದರ ಇಳಿಸಿ ಅನ್ನಿ. ನನ್ನ ಇಬ್ಬರು ಅಂಗಡಿಯವರಿಗೆ ಇದರಿಂದಲೇ ಇಳಿಯಿತು, ಬ್ಯಾಂಕ್ ಬದಲಿಸುವ ಪ್ರಸಂಗ ಬರಲಿಲ್ಲ. 2026ರ ಜನವರಿ 1ರ ನಂತರ ಮಂಜೂರಾದ ಅಥವಾ ನವೀಕರಿಸಿದ ಬದಲಾಗುವ ಬಡ್ಡಿಯ ಸಾಲವಾದರೆ, ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳು ಮೊದಲೇ ತೀರಿಸಿದರೂ ಹೆಚ್ಚಿನ ಬ್ಯಾಂಕುಗಳು ದಂಡ ಹಾಕುವಂತಿಲ್ಲ.

ವಿಲೀನದ ಸಮಯದಲ್ಲಿ ಕಳ್ಳರ ಫೋನೂ ಬರುತ್ತದೆ. "ನಿಮ್ಮ ಬ್ಯಾಂಕ್ ಬದಲಾಗಿದೆ, ಒಟಿಪಿ ಹೇಳಿ" ಅಂದರೆ ಇಟ್ಟುಬಿಡಿ. ರೊಕ್ಕ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿನಿಂದಲೇ ತೊಂದರೆಯಾದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಹಾಯವಾಣಿ 14448. ನಾಮಿನಿ ಹೆಸರು ಹೊಸ ಬ್ಯಾಂಕಿನ ದಾಖಲೆಯಲ್ಲಿ ಇದೆಯೇ ಅಂತಲೂ ನೋಡಿಸಿ. 2025ರ ನವೆಂಬರ್‌ನಿಂದ ನಾಲ್ವರ ತನಕ ಹೆಸರಿಸಬಹುದು.

ಕೊನೆಯದಾಗಿ, ಟ್ರಂಕಿನ ತಳ ನೋಡಿ. ಹೋದ ವರ್ಷ ನಮ್ಮ ಅವ್ವನ ಟ್ರಂಕಿನಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಸಿಕ್ಕಿತು. ಆ ಬ್ಯಾಂಕ್ 2005ರಲ್ಲೇ ವಿಕಾಸ ಗ್ರಾಮೀಣ ಬ್ಯಾಂಕಿಗೆ ಸೇರಿತ್ತು, ಅದೀಗ ಕರ್ನಾಟಕ ಗ್ರಾಮೀಣ ಬ್ಯಾಂಕ್. ಎರಡು ಸಲ ಹೆಸರು ಬದಲಾದರೂ ಹಕ್ಕು ಹೋಗುವುದಿಲ್ಲ. ಹತ್ತು ವರ್ಷ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಅದನ್ನು ಕೇಳಿ ಪಡೆಯಬಹುದು. ದೊಡ್ಡ ಬ್ಯಾಂಕುಗಳ ಖಾತೆಯಾದರೆ, ಇಂಥ ಹಣ ಹುಡುಕಲು ರಿಸರ್ವ್ ಬ್ಯಾಂಕ್ ಮಾಡಿರುವ ಉದ್ಗಮ್ ಪೋರ್ಟಲ್‌ನಲ್ಲಿ ಈಗಿನ ಬ್ಯಾಂಕಿನ ಹೆಸರು ಆರಿಸಿ ಹುಡುಕಿ. ಗ್ರಾಮೀಣ ಬ್ಯಾಂಕಿನದ್ದಾದರೆ ಪಾಸ್‌ಬುಕ್, ಆಧಾರ್, ಪ್ಯಾನ್, ಎರಡು ಫೋಟೊ ಹಿಡಿದು ನೇರವಾಗಿ ಶಾಖೆಗೆ ಹೋಗಿ. ಅವ್ವನನ್ನು ಕರೆದುಕೊಂಡು ಹೋದೆ, ಅರ್ಜಿಗೆ ಅವಳೇ ಸಹಿ ಹಾಕಿದಳು. ಆರು ವಾರದ ಮೇಲೆ 2,316 ರೂಪಾಯಿ ಅವಳ ಖಾತೆಗೆ ಬಂತು.